ಮೊಬ್ಲಿಗೆ ಅವಸರವಿಲ್ಲ

ಎರಡು ಜಾಜ್ ಎಲ್‌ಪಿಗಳ ಹಿಂಬದಿಯಲ್ಲಿರುವ ಹೆಸರುಗಳನ್ನು ಒಮ್ಮೆ ಓದಿ ನೋಡಿ. ಒಂದು, ಜಾನಿ ಗ್ರಿಫಿನ್‌ನ 'ಎ ಬ್ಲೋಯಿಂಗ್ ಸೆಷನ್'. ರೆಕಾರ್ಡ್ ಆಗಿದ್ದು 1957ರ ಏಪ್ರಿಲ್ 6ರಂದು. ಇನ್ನೊಂದು, ಹ್ಯಾಂಕ್ ಮೊಬ್ಲಿಯ 'ಸೋಲ್ ಸ್ಟೇಷನ್'. ಅದು 1960ರ ಫೆಬ್ರವರಿ 7ರದ್ದು. ಎರಡರಲ್ಲೂ ಪಿಯಾನೊ ವಿಂಟನ್ ಕೆಲಿ, ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಆರ್ಟ್ ಬ್ಲೇಕಿ. ಎರಡರಲ್ಲೂ ಮೊಬ್ಲಿ ಇದ್ದಾನೆ. ಕಂಪನಿಯೂ ಒಂದೇ, ಬ್ಲೂ ನೋಟ್. ರೆಕಾರ್ಡ್ ಮಾಡಿದವನೂ ಒಬ್ಬನೇ, ರೂಡಿ ವ್ಯಾನ್ ಗೆಲ್ಡರ್. ಆದರೆ ಮೊದಲನೆಯದನ್ನು ಕೇಳಿದ ಕೂಡಲೇ ಎರಡನೆಯದನ್ನು ಹಾಕಿದರೆ, ಟೆನರ್ ಸ್ಯಾಕ್ಸೊಫೋನ್ ಹಿಡಿದಿರುವವನು ಅದೇ ಮನುಷ್ಯನಾ ಅನ್ನಿಸುತ್ತದೆ.

ಮೊದಲನೆಯದರಲ್ಲಿ ಮೂರು ಟೆನರ್ ಸ್ಯಾಕ್ಸೊಫೋನ್‌ಗಳಿವೆ. ಗ್ರಿಫಿನ್, ಜಾನ್ ಕೋಲ್ಟ್ರೇನ್, ಮೊಬ್ಲಿ. ಜೊತೆಗೆ ಲೀ ಮಾರ್ಗನ್‌ನ ಟ್ರಂಪೆಟ್. ಗ್ರಿಫಿನ್ ಅಂದರೆ ವೇಗಕ್ಕೇ ಹೆಸರಾದವನು. ಕೋಲ್ಟ್ರೇನ್ ಬಗ್ಗೆ ಹೇಳುವುದೇ ಬೇಡ. 'ದ ವೇ ಯು ಲುಕ್ ಟುನೈಟ್' ಅನ್ನುವ ಮೃದುವಾದ ಹಾಡನ್ನು ಉಸಿರು ಬಿಡಲೂ ಬಿಡದಷ್ಟು ವೇಗದಲ್ಲಿ ಹೊಡೆದುಕೊಂಡು ಹೋಗುತ್ತಾರೆ. ಆ ಓಟದಲ್ಲಿ ಮೊಬ್ಲಿ ಬಿದ್ದೇನೂ ಹೋಗುವುದಿಲ್ಲ. ಪಾಪ, ಚೆನ್ನಾಗಿಯೇ ನುಡಿಸುತ್ತಾನೆ. ಆದರೆ ರೆಕಾರ್ಡ್ ಮುಗಿದ ಮೇಲೆ ಜನ ಮಾತಾಡುವುದು ಇನ್ನಿಬ್ಬರ ಬಗ್ಗೆ.

'ಸೋಲ್ ಸ್ಟೇಷನ್'ನಲ್ಲಿ ಊದುವವನು ಒಬ್ಬನೇ. ಅದೇ ಮೂವರು ಹಿಂದೆ ಇದ್ದಾರೆ, ಮುಂದೆ ಮೊಬ್ಲಿ ಮಾತ್ರ. ಪಕ್ಕದಲ್ಲಿ ಓಡುವವರಿಲ್ಲ. ಆಗ ಅವನು ಏನು ಮಾಡುತ್ತಾನೆ ಅನ್ನುವುದೇ ಈ ಆಲ್ಬಮ್. ನನ್ನ ಮಟ್ಟಿಗೆ ಹಾರ್ಡ್ ಬಾಪ್ ಅನ್ನುವ ಈ ಜಾಜ್ ಶೈಲಿಯಲ್ಲಿ ಇದಕ್ಕಿಂತ ಮನಸ್ಸಿಗೆ ಹತ್ತಿರವಾದ ರೆಕಾರ್ಡ್ ಇನ್ನೊಂದಿಲ್ಲ. ಯಾಕೆ ಅಂತ ಬರೆಯೋಣ ಅಂತ ಬಹಳ ದಿನದಿಂದ ಇತ್ತು.

ನಾನು ಯಾರು ಇದನ್ನೆಲ್ಲ ಹೇಳೋಕೆ ಅಂತೀರಾ? ನಾನು ವಿಮರ್ಶಕಿ ಅಲ್ಲ. ನಲವತ್ತು ದಾಟಿದ ಮೇಲೆ ಟೆನರ್ ಕಲಿಯಲು ಹೊರಟವಳು. ಸ್ಯಾಕ್ಸೊಫೋನ್ ಅಂದ ಕೂಡಲೇ ನಮಗೆಲ್ಲ ಕದ್ರಿ ಗೋಪಾಲನಾಥ್ ನೆನಪಾಗುತ್ತಾರೆ. ಅವರದು ಆಲ್ಟೊ. ಟೆನರ್ ಅದಕ್ಕಿಂತ ದೊಡ್ಡದು, ಅದರ ದನಿಯೂ ಕೆಳಗಿನದು. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಸ್ವಲ್ಪ ಹೊತ್ತು ನಿಂತರೆ ಭುಜ ಹಿಡಿದುಕೊಳ್ಳುತ್ತದೆ. ರೀಡ್, ಅಂದರೆ ಬಾಯಿಗಿಡುವ ಕಡೆಯ ತೆಳ್ಳಗಿನ ಕಡ್ಡಿ, ಸರಿಯಾಗಿ ನೆನೆಯದಿದ್ದರೆ ಕೀಚು ಸದ್ದು. ಜೋರಾಗಿ ಊದಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುವ ಸದ್ದು. ಮೆಲ್ಲಗೆ ಊದೋಣ ಅಂದರೆ ಸ್ವರವೇ ಬರುವುದಿಲ್ಲ. ಟೆನರ್‌ನಲ್ಲಿ ಮೆಲ್ಲಗೆ, ಆದರೆ ತುಂಬಿಕೊಂಡಂತೆ ನುಡಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಹಾಗೆ. ಮೊಬ್ಲಿಯ ಬೆಲೆ ತಿಳಿದದ್ದೂ ಹಾಗೆಯೇ.

ಆಲ್ಬಮ್ಮಿನ ಮೊದಲ ಹಾಡು 'ರಿಮೆಂಬರ್'. ಅರ್ವಿಂಗ್ ಬರ್ಲಿನ್ 1925ರಲ್ಲಿ ಬರೆದದ್ದು. ಮರೆಯುವುದಿಲ್ಲ ಅಂತ ಮಾತು ಕೊಟ್ಟವನು ಮರೆತೇಬಿಟ್ಟ, ಅದರ ಸಾರ ಇಷ್ಟೇ. ಮೂಲದಲ್ಲಿ ಅದು ವಾಲ್ಟ್ಸ್. ಅಂದರೆ ಒಂದು-ಎರಡು-ಮೂರು, ಒಂದು-ಎರಡು-ಮೂರು ಅಂತ ತೂಗಿಕೊಂಡು ಹೋಗುವ ಹಾಡು. ಮೊಬ್ಲಿ ಅದನ್ನು ನಾಲ್ಕರ ಎಣಿಕೆಗೆ ತಂದಿದ್ದಾನೆ. ಕೇಳುವುದಕ್ಕೆ ಸಣ್ಣ ಬದಲಾವಣೆ. ಆದರೆ ನಾಲ್ಕನೆಯ ಎಣಿಕೆ ಸೇರಿದ ಕೂಡಲೇ ಪ್ರತಿ ಸಾಲಿನ ಕೊನೆಯಲ್ಲೂ ಜಾಗ ಸಿಗುತ್ತದೆ. ವಾಲ್ಟ್ಸ್‌ನಲ್ಲಿ ಹಾಡು ನಿಮ್ಮನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಇಲ್ಲಿ ಸಾಲು ಮುಗಿದ ಮೇಲೆ ಒಂದು ಕ್ಷಣ ಸುಮ್ನೆ ನಿಲ್ಲಬಹುದು. ಅಳು ತರಿಸಬೇಕಾದ ಹಾಡು ಭುಜ ಕುಣಿಸುವ ಹಾಡಾಗಿದೆ. ಮರೆತವನ ಮೇಲೆ ಸಿಟ್ಟಿಲ್ಲ, ನಗು ಬಂದ ಹಾಗಿದೆ.

(ಇದೇ ಹಾಡನ್ನು ಥೆಲೋನಿಯಸ್ ಮಾಂಕ್ ಕೂಡ 1959ರ ಅಕ್ಟೋಬರಿನಲ್ಲಿ ಒಬ್ಬನೇ ಪಿಯಾನೊದ ಮುಂದೆ ಕೂತು ನುಡಿಸಿದ್ದಾನೆ. 'ಥೆಲೋನಿಯಸ್ ಅಲೋನ್ ಇನ್ ಸ್ಯಾನ್ ಫ್ರಾನ್ಸಿಸ್ಕೊ'ದಲ್ಲಿದೆ. ಕೆಲವೇ ತಿಂಗಳ ಅಂತರ. ಬಿಡುವಾದಾಗ ಎರಡನ್ನೂ ಕೇಳಿ, ಒಂದೇ ಹಾಡು ಅಂದರೆ ನಂಬುವುದು ಕಷ್ಟ.)

ಈ ಹಾಡಿನ ಮೊಬ್ಲಿಯ ಸೋಲೊವನ್ನು, ಅಂದರೆ ಅವನು ಮನೋಧರ್ಮದಿಂದ ನುಡಿಸುವ ಭಾಗವನ್ನು, ಕಿವಿಯಿಂದಲೇ ಹಿಡಿಯಬೇಕು ಅಂತ ನನ್ನ ಮೇಷ್ಟ್ರು ಕೊಟ್ಟರು. ಬರೆದ ನೋಟ್ಸ್ ನೋಡಬಾರದು, ಕೇಳಿ ಹಾಡಬೇಕು, ಹಾಡಿದ್ದನ್ನು ನುಡಿಸಬೇಕು. ಮೊಬೈಲಿನಲ್ಲಿ ಹಾಡಿನ ವೇಗ ಇಳಿಸುವ ಆ್ಯಪ್ ಇರುತ್ತದಲ್ಲ, ಅದರಲ್ಲಿ ಅರ್ಧ ವೇಗಕ್ಕೆ ಹಾಕಿಕೊಂಡು ಕೂತೆ. ಆಗ ಕೇಳಿಸಿದ್ದನ್ನು ಇಲ್ಲಿ ಹೇಳಲೇಬೇಕು.

ಪೂರ್ತಿ ವೇಗದಲ್ಲಿ ಕೇಳುವಾಗ ಮೊಬ್ಲಿ ತಾಳಕ್ಕೆ ಸರಿಯಾಗಿ ಇದ್ದಾನೆ ಅನ್ನಿಸುತ್ತದೆ. ಅರ್ಧ ವೇಗಕ್ಕೆ ಇಳಿಸಿದರೆ ಅವನು ತಡ. ಬ್ಲೇಕಿಯ ಸಿಂಬಲ್ ಮೇಲೆ ಕೋಲು ಬಿದ್ದು ಆದ ಮೇಲೆ ಅವನ ಸ್ವರ ಬರುತ್ತದೆ. ಯಾವಾಗಲೂ ಅಲ್ಲ. ಸಾಲಿನ ಶುರುವಿನಲ್ಲಿ ಹಿಂದೆ ಉಳಿಯುತ್ತಾನೆ, ನಡುವಿನಲ್ಲಿ ಇನ್ನೂ ಸ್ವಲ್ಪ ಹಿಂದೆ, ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ ತಾಳದ ಮೇಲೆ ಬಂದು ಕೂರುತ್ತಾನೆ. ಬಸ್ ಹೊರಟ ಮೇಲೆ ನಡೆದುಕೊಂಡೇ ಬಂದು, ಓಡದೇನೇ ಫುಟ್‌ಬೋರ್ಡ್ ಮೇಲೆ ಕಾಲಿಡುವವರು ಇರುತ್ತಾರಲ್ಲ, ಹಾಗೆ. ಪ್ರತಿ ಸಲವೂ ತಪ್ಪಿಸಿಕೊಂಡ ಅಂದುಕೊಳ್ಳುತ್ತೇವೆ, ಪ್ರತಿ ಸಲವೂ ಹತ್ತಿರುತ್ತಾನೆ.

ಇನ್ನೊಂದು ವಿಷಯ, ನಾಲಿಗೆ. ಸ್ಯಾಕ್ಸೊಫೋನ್‌ನಲ್ಲಿ ಸ್ವರವನ್ನು ಬಿಡಿಸುವುದು ನಾಲಿಗೆಯಿಂದ. ರೀಡಿಗೆ ನಾಲಿಗೆ ತಾಗಿಸಿ ತೆಗೆದರೆ 'ತ' ಅಂತ ಶುರುವಾಗುತ್ತದೆ. ಕಲಿಯುವವರೆಲ್ಲ ಎಲ್ಲ ಸ್ವರಕ್ಕೂ 'ತ ತ ತ' ಅಂತ ಬಡಿಯುತ್ತೇವೆ. ಮೊಬ್ಲಿ ಒಂದು ಸಾಲಿನಲ್ಲಿ ಎಲ್ಲೋ ಅಲ್ಲಲ್ಲಿ ಮಾತ್ರ ನಾಲಿಗೆ ತಾಗಿಸುತ್ತಾನೆ. ಉಳಿದದ್ದೆಲ್ಲ ಗಾಳಿ, ಬೆರಳು. ಹಾಗಾಗಿ ಸ್ವರಗಳು ಒಂದಕ್ಕೊಂದು ಅಂಟಿಕೊಂಡು, ದುಂಡಗೆ ಉರುಳುತ್ತವೆ. ತನ್ನ ದನಿ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ, ದುಂಡನೆಯದು ಅಂತ ಅವನೇ ಹೇಳಿಕೊಂಡಿದ್ದ. ನನ್ನ ಮೇಷ್ಟ್ರು ಇದನ್ನೇ ಬೇರೆ ತರಹ ಹೇಳುತ್ತಾರೆ. "ಮೇಡಂ, ನಾಲಿಗೆ ಕಮ್ಮಿ, ಗಾಳಿ ಜಾಸ್ತಿ." ಪ್ರತಿ ಪಾಠದಲ್ಲೂ ಇದೊಂದು ಮಾತು ಇದ್ದೇ ಇರುತ್ತದೆ.

ಅರ್ಧ ವೇಗದ ಮೊಬ್ಲಿ ಮನೆಯಲ್ಲಿ ಎಷ್ಟು ಸಲ ತಿರುಗಿತು ಅಂದರೆ, ಮಗಳು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದಳು: "ಅಮ್ಮಾ, ಈ ಅಂಕಲ್‌ಗೆ ನಿದ್ದೆ ಬಂದಿದ್ಯಾ?" ಪೂರ್ತಿ ವೇಗಕ್ಕೆ ಹಾಕಿ ಕೇಳಿಸಿದೆ. "ಓ, ಚೆನ್ನಾಗಿದೆ" ಅಂದಳು, ಹೋದಳು. ಅವಳಿಂದ ಅಷ್ಟು ಸಿಕ್ಕಿದ್ದೇ ದೊಡ್ಡದು.

ಎರಡನೆಯ ಹಾಡು 'ದಿಸ್ ಐ ಡಿಗ್ ಆಫ್ ಯು'. ಇದು ಮೊಬ್ಲಿಯದೇ. ಸ್ಯಾಕ್ಸೊಫೋನ್ ಕಲಿಯುವವರೆಲ್ಲ ಇದನ್ನು ಒಂದಲ್ಲ ಒಂದು ದಿನ ಕೈಗೆತ್ತಿಕೊಳ್ಳುತ್ತಾರೆ. ಆಲ್ಬಮ್ ಮೊಬ್ಲಿಯದು, ಹಾಡು ಮೊಬ್ಲಿಯದು, ಆದರೂ ಮೊದಲ ಸೋಲೊ ಅವನದಲ್ಲ. ಕೆಲಿಗೆ ಬಿಟ್ಟುಕೊಡುತ್ತಾನೆ. ಹೆಸರು ದೊಡ್ಡ ಅಕ್ಷರದಲ್ಲಿ ಇರುವವನು ಮೊದಲು ನುಡಿಸುವುದು ಸಾಮಾನ್ಯ. ಇವನು ಬದಿಗೆ ಸರಿದು, ನೀನು ಮೊದಲು ಹೋಗಪ್ಪಾ ಅಂದ ಹಾಗಿದೆ. ಕೆಲಿ ಹೋದ ರೀತಿಯಾದರೂ ಎಂಥದ್ದು! ಅವನ ಬಲಗೈಯಲ್ಲಿ ಯಾವಾಗಲೂ ಒಂದು ತುಂಟತನ ಇರುತ್ತದೆ. ಬ್ಲೂಸ್ ನುಡಿಸಿದರೂ ದುಃಖ ಕೇಳಿಸುವುದಿಲ್ಲ. ಬ್ರೂಕ್ಲಿನ್‌ನಲ್ಲಿ ಬೆಳೆದವನು, ತಂದೆತಾಯಿ ಜಮೈಕಾದಿಂದ ಬಂದವರು. ಈ ರೆಕಾರ್ಡಿನ ಹೊತ್ತಿಗೆ ಅವನಿಗೆ 28 ವರ್ಷ. ಚೇಂಬರ್ಸ್‌ಗೆ ಇನ್ನೂ 24. ಇವರಿಬ್ಬರೂ ಆಗ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಬ್ಯಾಂಡಿನಲ್ಲಿದ್ದರು. ಹಿಂದಿನ ವರ್ಷವಷ್ಟೇ ಅವನ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಮುಗಿಸಿದ್ದರು. ಚೇಂಬರ್ಸ್ ಅದರ ಎಲ್ಲ ಹಾಡುಗಳಲ್ಲಿದ್ದಾನೆ, ಕೆಲಿ 'ಫ್ರೆಡಿ ಫ್ರೀಲೋಡರ್' ಒಂದರಲ್ಲಿ.

ಕೆಲಿ ಇಷ್ಟು ಚೆನ್ನಾಗಿ ನುಡಿಸಿಬಿಟ್ಟ ಮೇಲೆ ಬರುವವನು ಸಾಮಾನ್ಯವಾಗಿ ಏನು ಮಾಡುತ್ತಾನೆ? ಇನ್ನೂ ಜೋರಾಗಿ, ಇನ್ನೂ ಮೇಲಿನ ಸ್ವರದಿಂದ ಶುರು ಮಾಡುತ್ತಾನೆ. ಮೊಬ್ಲಿ ಹಾಗೆ ಮಾಡುವುದಿಲ್ಲ. ಚಿಕ್ಕ ಚಿಕ್ಕ ಮಾತುಗಳಿಂದ ಶುರು ಮಾಡುತ್ತಾನೆ. ಒಂದು ತುಣುಕು, ಸ್ವಲ್ಪ ಜಾಗ, ಅದೇ ತುಣುಕಿಗೆ ಇನ್ನೊಂದು ಬಾಲ. ಆಮೇಲೆ ಸಾಲುಗಳು ಉದ್ದವಾಗುತ್ತವೆ. ಎಲ್ಲಿ ಉದ್ದವಾಯಿತು ಅಂತ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ನೀವು ಅವನ ಜೊತೆ ಎಲ್ಲೋ ದೂರ ಬಂದಿರುತ್ತೀರಿ. ಅವನಿಗೆ ಚಿಕ್ಕಪ್ಪನೊಬ್ಬ ಇದ್ದ, ಸಂಗೀತ ಬಲ್ಲವನು. ಹಿರಿಯ ಟೆನರ್ ವಾದಕ ಲೆಸ್ಟರ್ ಯಂಗ್‌ನನ್ನು ಕೇಳು, ಪಕ್ಕದಲ್ಲಿರುವವನು ಜೋರಾಗಿ ನುಡಿಸಿದರೆ ನೀನು ಮೆಲ್ಲಗೆ ನುಡಿಸು, ಅವನು ವೇಗವಾಗಿ ಹೋದರೆ ನೀನು ನಿಧಾನವಾಗಿ ಹೋಗು ಅಂತ ಚಿಕ್ಕವನಿದ್ದಾಗಲೇ ಹೇಳಿಕೊಟ್ಟಿದ್ದನಂತೆ. ಗ್ರಿಫಿನ್‌ನ ಓಟದಲ್ಲಿ ಆ ಪಾಠಕ್ಕೆ ಜಾಗವಿರಲಿಲ್ಲ. ಇಲ್ಲಿದೆ.

ಮೊಬ್ಲಿಯ ನಂತರ ಬ್ಲೇಕಿಯ ಸೋಲೊ ಬರುತ್ತದೆ. ಬ್ಲೇಕಿ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು.

ಹಾರ್ಡ್ ಬಾಪ್ ಅಂದರೆ ಏನು ಅಂತ ಕೇಳಿದರೆ ಬ್ಲೇಕಿಯನ್ನು ತೋರಿಸಿದರೆ ಸಾಕು. 1940ರ ದಶಕದ ಬೀಬಾಪ್ ಬುದ್ಧಿವಂತರ ಸಂಗೀತ. ವೇಗ, ಸುತ್ತುಬಳಸಿನ ರಾಗ, ಕುಣಿಯಲು ಆಗದ ಲಯ. 50ರ ದಶಕದ ನಡುವಿನ ಹೊತ್ತಿಗೆ ನ್ಯೂಯಾರ್ಕ್ ಸುತ್ತಮುತ್ತಲಿನ ಕಪ್ಪು ಸಂಗೀತಗಾರರು ಅದಕ್ಕೆ ಬ್ಲೂಸ್‌ನ ಮಣ್ಣು, ಚರ್ಚಿನ ಗಾಸ್ಪೆಲ್, ರಿದಮ್ ಆ್ಯಂಡ್ ಬ್ಲೂಸ್‌ನ ಚಪ್ಪಾಳೆ ಎಲ್ಲ ಸೇರಿಸಿದರು. ಬ್ಲೇಕಿ ಮತ್ತು ಪಿಯಾನೊದ ಹೊರೇಸ್ ಸಿಲ್ವರ್ ಕಟ್ಟಿದ 'ಜಾಜ್ ಮೆಸೆಂಜರ್ಸ್' ಅದರ ಮುಖ್ಯ ತಂಡ. ಆ ತಂಡದ ಮೊದಲ ಟೆನರ್ ಯಾರು ಅಂದುಕೊಂಡಿರಿ? ಮೊಬ್ಲಿಯೇ. ಹಾಗಾಗಿ 1960ಕ್ಕೆ ಬರುವಾಗ ಇವರಿಬ್ಬರಿಗೂ ವರ್ಷಗಟ್ಟಲೆ ಒಡನಾಟವಿತ್ತು. ಬ್ಲೇಕಿಗೆ 40, ಮೊಬ್ಲಿಗೆ 29.

ಬ್ಲೇಕಿಯ ಹೆಸರು ಇರುವುದು ಗುಡುಗಿಗೆ. ಕೋಲುಗಳನ್ನು ಸ್ನೇರ್ ಡ್ರಮ್ ಮೇಲೆ ಒತ್ತಿ ಹಿಡಿದು ಒಂದು ಗುರ್ರನೆ ಸದ್ದು ಎಬ್ಬಿಸುತ್ತಾನೆ. ಪ್ರೆಸ್ ರೋಲ್ ಅನ್ನುತ್ತಾರೆ. ಸಣ್ಣದಾಗಿ ಶುರುವಾಗಿ ಅಲೆಯಂತೆ ಏರಿ ಮುಂದಿನ ಸುತ್ತಿನ ಮೊದಲ ಎಣಿಕೆಗೆ ಬಂದು ಒಡೆಯುತ್ತದೆ. ಊದುವವನು ಸೋಮಾರಿಯಾದರೆ ಆ ರೋಲ್ ಅವನನ್ನು ಕುರ್ಚಿಯಿಂದ ಎಬ್ಬಿಸುತ್ತದೆ. ಮೆಸೆಂಜರ್ಸ್‌ನಲ್ಲಿ ಎಷ್ಟೋ ಹುಡುಗರನ್ನು ಅವನು ಹಾಗೆ ಎಬ್ಬಿಸಿದ್ದಾನೆ. ಆದರೆ 'ಸೋಲ್ ಸ್ಟೇಷನ್'ನಲ್ಲಿ ಅವನು ಹೆಚ್ಚಿನ ಹೊತ್ತು ಕೈ ಬಿಗಿ ಹಿಡಿದಿದ್ದಾನೆ. ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಹೈ-ಹ್ಯಾಟ್ (ಕಾಲಿನಿಂದ ಒತ್ತುವ ಜೋಡಿ ಸಿಂಬಲ್) ಮುಚ್ಚುವ 'ಚಿಕ್' ಇದೆಯಲ್ಲ, ಆಲ್ಬಮ್ ಪೂರ್ತಿ ಅದೊಂದನ್ನೇ ಹಿಡಿದುಕೊಂಡು ಕೇಳಿ. ಗಡಿಯಾರದ ಹಾಗೆ ಅಂತ ಹೇಳಲು ಹೊರಟಿದ್ದೆ, ಆದರೆ ಗಡಿಯಾರಕ್ಕೆ ಆ ತೂಕ ಇರುವುದಿಲ್ಲ. ಆ 'ಚಿಕ್' ಒಂಚೂರೂ ಅಲುಗದೆ ಇರುವುದರಿಂದಲೇ ಮೊಬ್ಲಿ ಹಿಂದೆ ಉಳಿಯಬಹುದು. ಹಿಂದೆ ಉಳಿಯಬೇಕಾದರೆ ಮುಂದೆ ಒಬ್ಬ ಗಟ್ಟಿಯಾಗಿ ನಡೆಯುತ್ತಿರಬೇಕು, ಅಲ್ವಾ? ಡ್ರಮ್ಮರ್ ಕೂಡ ಕಾದು ನಿಂತರೆ ಹಾಡು ಅಲ್ಲೇ ಕೂತುಬಿಡುತ್ತದೆ.

ರೋಲ್ ಇಲ್ಲವೇ ಇಲ್ಲ ಅಂತಲ್ಲ. ಬೇಕಾದಲ್ಲಿ ಬರುತ್ತದೆ. ಬಂದಾಗ ಮೊಬ್ಲಿ ಏನು ಮಾಡುತ್ತಾನೆ ನೋಡಿ. ದನಿ ಏರಿಸುವುದಿಲ್ಲ. ಆ ಗುಡುಗು ಮುಗಿಯುವುದಕ್ಕೆ ಬಿಟ್ಟು, ಮುಗಿದ ಮೇಲೆ ತನ್ನ ಮಾತನ್ನು ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಹಿಡಿಯುತ್ತಾನೆ.

'ಡಿಗ್ ಡಿಸ್' ಬ್ಲೂಸ್. ಕೆಲಿಯ ಪಿಯಾನೊದಿಂದ ಶುರುವಾಗುತ್ತದೆ. ಹನ್ನೆರಡು ಬಾರ್‌ನ, ಅಂದರೆ ಹನ್ನೆರಡು ತಾಳದಾವರ್ತದ, ಮಾಮೂಲಿ ಚೌಕಟ್ಟು, ಹೊಸದೇನಿಲ್ಲ, ಇರಬೇಕಾಗಿಯೂ ಇಲ್ಲ. 'ಸ್ಪ್ಲಿಟ್ ಫೀಲಿನ್ಸ್' ಹೆಸರಿಗೆ ತಕ್ಕ ಹಾಗೆ ಲ್ಯಾಟಿನ್ ಲಯಕ್ಕೂ ಸ್ವಿಂಗ್‌ಗೂ ನಡುವೆ ಹೋಗಿ ಬರುತ್ತದೆ. ಆರು ಹಾಡುಗಳಲ್ಲಿ ನನಗೆ ಕಡಿಮೆ ಇಷ್ಟವಾದದ್ದು ಇದು. ಚುರುಕಾಗಿದೆ, ಬ್ಲೇಕಿ ಖುಷಿಯಾಗಿದ್ದಾನೆ, ಎಲ್ಲ ಸರಿ. ಆದರೆ ಮೊಬ್ಲಿಗೆ ಇಲ್ಲಿ ಸ್ವಲ್ಪ ಇಕ್ಕಟ್ಟಾಯಿತೇನೋ ಅನ್ನಿಸುತ್ತದೆ. ಐದು ನಿಮಿಷದೊಳಗೆ ಮುಗಿಯುತ್ತದೆ ಬಿಡಿ.

ಹೆಸರಿನ ಹಾಡು, 'ಸೋಲ್ ಸ್ಟೇಷನ್', ಒಂಬತ್ತು ನಿಮಿಷದ್ದು. ಇಡೀ ಆಲ್ಬಮ್ಮಿನಲ್ಲಿ ಅತಿ ಉದ್ದ, ಅತಿ ಸರಳ. ಟೆನರ್ ಒಂದು ಮಾತು ಹೇಳುತ್ತದೆ, ಹಿಂದಿನವರು ಹೂಂಗುಡುತ್ತಾರೆ. ಅಷ್ಟೇ. ಬೀದಿಯಲ್ಲಿ ಯಾವ ಕೆಲಸವೂ ಇಲ್ಲದೆ ನಡೆಯುವ ವೇಗ. ಮೊಬ್ಲಿ ಸುತ್ತಿನ ಮೇಲೆ ಸುತ್ತು ನುಡಿಸುತ್ತಾನೆ, ಎಲ್ಲೂ ಶಿಖರ ಹತ್ತಲು ಹೋಗುವುದಿಲ್ಲ. ನನ್ನ ಮೇಷ್ಟ್ರ ಇನ್ನೊಬ್ಬ ಶಿಷ್ಯ, ಕೋಲ್ಟ್ರೇನ್ ಭಕ್ತ, ಇದನ್ನು ಕೇಳಿ "ಏನೂ ಆಗ್ತಾನೇ ಇಲ್ವಲ್ಲ ಅಕ್ಕಾ" ಅಂದ. ಅವನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ವಾದ ಮಾಡಲಿಲ್ಲ. ಚೇಂಬರ್ಸ್‌ನ ಬೇಸ್ ಒಂದನ್ನೇ ಹಿಡಿದು ಇನ್ನೊಂದು ಸಲ ಕೇಳು ಅಂದೆ. ಕೇಳಿದನೋ ಇಲ್ಲವೋ.

ಆ ಹುಡುಗನ ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ. 1960ರಲ್ಲಿ ಈ ರೆಕಾರ್ಡ್ ಬಂದಾಗಿನ ಕಾಲ ನೋಡಿ. ಕೋಲ್ಟ್ರೇನ್‌ನ 'ಜಯಂಟ್ ಸ್ಟೆಪ್ಸ್' ಅದೇ ವರ್ಷದ ಆರಂಭದಲ್ಲಿ ಹೊರಬಂದಿತ್ತು. ಅದರಲ್ಲೂ ಬೇಸ್ ಚೇಂಬರ್ಸ್‌ನದೇ, ಒಂದು ಹಾಡಿಗೆ ಪಿಯಾನೊ ಕೆಲಿಯದೇ. ಆಲ್ಟೊ ನುಡಿಸುವ ಆರ್ನೆಟ್ ಕೋಲ್‌ಮನ್ 1959ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿಗೆ ಬಂದು ಸ್ವರಮೇಳದ ಲೆಕ್ಕವನ್ನೇ ಬದಿಗಿಟ್ಟು ನುಡಿಸುತ್ತಿದ್ದ. ಸೋನಿ ರೋಲಿನ್ಸ್, ಆಗಲೇ ಟೆನರ್‌ನ ದೊರೆ ಅನ್ನಿಸಿಕೊಂಡವನು, ನನಗೆ ಇನ್ನೂ ಬರುವುದಿಲ್ಲ ಅಂತ ಕ್ಲಬ್ಬುಗಳನ್ನೆಲ್ಲ ಬಿಟ್ಟು ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ಅಭ್ಯಾಸ ಮಾಡುತ್ತಿದ್ದ. ಎಲ್ಲರೂ ಮುಂದೆ ಏನು ಅಂತ ಹುಡುಕುತ್ತಿದ್ದ ಹೊತ್ತು. ಆಗ ಮೊಬ್ಲಿ 1925ರ ಹಾಡಿನಿಂದ ಶುರುವಾಗಿ 1936ರ ಹಾಡಿನಿಂದ ಮುಗಿಯುವ ಒಂದು ರೆಕಾರ್ಡ್ ಕೊಟ್ಟ. ಜೋರು ಚರ್ಚೆಗೆ ಅದರಲ್ಲಿ ಏನಿತ್ತು?

ವಿಮರ್ಶಕ ಲೆನಾರ್ಡ್ ಫೆದರ್ ಮೊಬ್ಲಿಯನ್ನು ಟೆನರ್‌ನ 'ಮಿಡಲ್‌ವೇಟ್ ಚಾಂಪಿಯನ್' ಅಂತ ಕರೆದ. ಕೋಲ್ಟ್ರೇನ್‌ನಷ್ಟು ಭಾರವೂ ಇಲ್ಲ, ಸ್ಟ್ಯಾನ್ ಗೆಟ್ಜ್‌ನಷ್ಟು ಹಗುರವೂ ಇಲ್ಲ ಅಂತ ಅರ್ಥ. ಹೊಗಳಿಕೆಯಾಗಿಯೇ ಹೇಳಿದ್ದು. ಆದರೆ ಬಾಕ್ಸಿಂಗ್‌ನ ಬಿರುದು ಅದು. ಜನ ಯಾವಾಗಲೂ ಹೆವಿವೇಟ್ ನೋಡಲು ಹೋಗುತ್ತಾರೆ. ಆ ಮಾತು ಮೊಬ್ಲಿಗೆ ಅಂಟಿಕೊಂಡಿತು. ಇವತ್ತಿಗೂ ಅವನ ಬಗ್ಗೆ ಬರೆಯುವವರು ಅದನ್ನು ಬಿಡುವುದಿಲ್ಲ. ನಾನೂ ಬಿಡಲಿಲ್ಲ, ನೋಡಿ.

ಹೋಲಿಕೆ ಅವನ ಬೆನ್ನು ಬಿಡಲೇ ಇಲ್ಲ. ಕೋಲ್ಟ್ರೇನ್ 1960ರಲ್ಲಿ ಮೈಲ್ಸ್ ಡೇವಿಸ್‌ನ ಬ್ಯಾಂಡ್ ಬಿಟ್ಟ. ನಡುವೆ ಸೋನಿ ಸ್ಟಿಟ್ ಸ್ವಲ್ಪ ಕಾಲ ಇದ್ದ. ಆಮೇಲೆ ಆ ಜಾಗಕ್ಕೆ ಬಂದವನು ಮೊಬ್ಲಿ. 1961ರ ಮಾರ್ಚಿನಲ್ಲಿ 'ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್' ರೆಕಾರ್ಡ್ ಮಾಡುವಾಗ ಮೈಲ್ಸ್ ಎರಡು ಹಾಡಿಗೆ ಕೋಲ್ಟ್ರೇನ್‌ನನ್ನು ಅತಿಥಿಯಾಗಿ ಕರೆಸಿದ. ಹೆಸರಿನ ಹಾಡಿನಲ್ಲಿ ಇಬ್ಬರೂ ಇದ್ದಾರೆ. ಮೊದಲು ಮೊಬ್ಲಿ, ಆಮೇಲೆ ಕೋಲ್ಟ್ರೇನ್. ಹೊಸದಾಗಿ ಕೆಲಸಕ್ಕೆ ಸೇರಿದವನ ಮುಂದೆಯೇ ಹಳಬನನ್ನು ಕರೆಸಿ ಅದೇ ಕೆಲಸ ಮಾಡಿಸಿದ ಹಾಗೆ! ಕೋಲ್ಟ್ರೇನ್ ಬಂದ ಕೂಡಲೇ ಕೋಣೆಯ ಗಾಳಿಯೇ ಬದಲಾಗುತ್ತದೆ, ಅದನ್ನು ಇಲ್ಲ ಅನ್ನಲಾರೆ. ಆದರೆ ಅದಕ್ಕೆ ಮುಂಚಿನ ಮೊಬ್ಲಿಯ ಸೋಲೊವನ್ನು ಅದರಷ್ಟಕ್ಕೆ ಕೇಳಿ. ಅಚ್ಚುಕಟ್ಟಾಗಿದೆ, ಇಂಪಾಗಿದೆ, ಒಂದು ಸ್ವರ ತೆಗೆಯಲು ಆಗುವುದಿಲ್ಲ. ಮೈಲ್ಸ್‌ಗೆ ಅದು ಸಾಕಾಗಲಿಲ್ಲ. ಮೊಬ್ಲಿ ಜೊತೆ ನುಡಿಸುವಾಗ ತನ್ನ ಕಲ್ಪನೆ ಕೆರಳುತ್ತಿರಲಿಲ್ಲ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ದೊಡ್ಡವರು ಬರೆದುಬಿಟ್ಟರೆ ಅದೇ ತೀರ್ಪಾಗುತ್ತದೆ. ನನಗಂತೂ ಆ ತೀರ್ಪು ಒಪ್ಪಿಗೆಯಿಲ್ಲ. ಆ ಸೆಷನ್‌ಗಳು ಮುಗಿದು ಒಂದು ವಾರವೂ ಆಗಿರಲಿಲ್ಲ, ಮಾರ್ಚ್ 26ರಂದು ಮೊಬ್ಲಿ ಬ್ಲೂ ನೋಟ್‌ಗೆ 'ವರ್ಕ್‌ಔಟ್' ರೆಕಾರ್ಡ್ ಮಾಡಿದ. ಅಲ್ಲಿ ಅವನು ಎಷ್ಟು ಹುರುಪಿನಲ್ಲಿದ್ದಾನೆ ಅಂದರೆ, ತನ್ನ ಮನೆಗೆ ವಾಪಸ್ ಬಂದವನ ಹಾಗೆ ಕೇಳುತ್ತದೆ.

ಮನೆ ಅಂದೆ, ಆ ಕೋಣೆಯ ಬಗ್ಗೆಯೂ ಹೇಳಬೇಕು. ರೂಡಿ ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷೆ ಮಾಡುತ್ತಿದ್ದವನು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅವನ ಅಪ್ಪ-ಅಮ್ಮನ ಮನೆಯ ಹಾಲ್ ಇತ್ತಲ್ಲ, ಅದೇ ಸ್ಟುಡಿಯೊ. ಗ್ರಿಫಿನ್‌ನ ಓಟ ನಡೆದದ್ದು ಆ ಹಾಲ್‌ನಲ್ಲಿ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಹೊಸ ಸ್ಟುಡಿಯೊ ಕಟ್ಟಿದ. ಮರದ ಕಮಾನುಗಳು, 39 ಅಡಿ ಎತ್ತರದ ಛಾವಣಿ. 'ಸೋಲ್ ಸ್ಟೇಷನ್' ಅಲ್ಲಿಯದು. ಬ್ಲೇಕಿಯ ಸಿಂಬಲ್ ಸದ್ದಿಗೆ ಮೇಲಕ್ಕೆ ಹೋಗಿ ಹರಡಲು ಜಾಗ ಇದ್ದ ಹಾಗೆ ಕೇಳುವುದು ಅದಕ್ಕೇ ಇರಬೇಕು. ಈ ರೆಕಾರ್ಡ್ ಇಷ್ಟು ಚೆನ್ನಾಗಿ ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಬ್ಲೂ ನೋಟ್‌ನ ಆಲ್ಫ್ರೆಡ್ ಲಯನ್ ರೆಕಾರ್ಡಿಂಗ್‌ಗೆ ಮುಂಚೆ ತಾಲೀಮು ಮಾಡಲೂ ಸಂಗೀತಗಾರರಿಗೆ ದುಡ್ಡು ಕೊಡುತ್ತಿದ್ದ. ಆ ಕಾಲದ ಸಣ್ಣ ಕಂಪನಿಗಳಲ್ಲಿ ಇದು ಅಪರೂಪ. ಕವರ್ ಮೇಲಿರುವ ಫೋಟೊ ಫ್ರಾನ್ಸಿಸ್ ವೂಲ್ಫ್ ತೆಗೆದದ್ದು, ವಿನ್ಯಾಸ ರೀಡ್ ಮೈಲ್ಸ್‌ನದು. ಸ್ಯಾಕ್ಸೊಫೋನ್ ಹಿಡಿದು ಮೊಬ್ಲಿ ನಗುತ್ತಿದ್ದಾನೆ. ಬ್ಲೂ ನೋಟ್ ಕವರ್‌ಗಳಲ್ಲಿ ಎಲ್ಲರೂ ಯೋಚನೆಯಲ್ಲಿ ಮುಳುಗಿ ಸಿಗರೇಟ್ ಹೊಗೆ ಬಿಡುತ್ತಿರುತ್ತಾರೆ. ನಗುವವರು ಕಡಿಮೆ.

ಮೊಬ್ಲಿ ಹುಟ್ಟಿದ್ದು 1930ರಲ್ಲಿ, ಜಾರ್ಜಿಯಾದ ಈಸ್ಟ್‌ಮನ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಎಲಿಜಬೆತ್‌ನಲ್ಲಿ. ಹದಿನಾರನೇ ವಯಸ್ಸಿನಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮನೆಯಲ್ಲೇ ಇರಬೇಕಾಯಿತು. ಹುಡುಗನಿಗೆ ಹೊತ್ತು ಹೋಗಲಿ ಅಂತ ಅಜ್ಜಿ ಒಂದು ಸ್ಯಾಕ್ಸೊಫೋನ್ ಕೊಡಿಸಿದಳು. ಹತ್ತಿರದ ನೂವಾರ್ಕ್‌ನ ಸಂಗೀತ ಶಾಲೆಗೆ ಸೇರೋಣ ಅಂದರೆ ಆ ಊರಿನವನಲ್ಲ ಅಂತ ಸೇರಿಸಿಕೊಳ್ಳಲಿಲ್ಲ. ಪುಸ್ತಕ ಇಟ್ಟುಕೊಂಡು ಮನೆಯಲ್ಲೇ ಕಲಿತ. ಅಜ್ಜಿಯ ಆ ಯೋಚನೆಗೆ ನಾನು ಎಷ್ಟು ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೋ.

ಮುಂದಿನ ಕಥೆ ಅಷ್ಟು ಸುಖದ್ದಲ್ಲ. ಹೆರಾಯಿನ್ ಚಟ, ಜೈಲು. 1964ರಲ್ಲಿ ಜೈಲಿನಲ್ಲಿದ್ದಾಗ ಕೂತು ಬರೆದ ಹಾಡುಗಳನ್ನು 1966ರಲ್ಲಿ ರೆಕಾರ್ಡ್ ಮಾಡಿದ. 'ಎ ಸ್ಲೈಸ್ ಆಫ್ ದ ಟಾಪ್' ಅಂತ. ಅದು ಹೊರಬಂದದ್ದು 1979ರಲ್ಲಿ. ಹದಿಮೂರು ವರ್ಷ ಕಪಾಟಿನಲ್ಲಿತ್ತು. ಅವನ ಇನ್ನೂ ಕೆಲವು ರೆಕಾರ್ಡ್‌ಗಳ ಗತಿಯೂ ಇದೇ. 'ಅನದರ್ ವರ್ಕ್‌ಔಟ್' ರೆಕಾರ್ಡ್ ಆಗಿದ್ದು 1961ರಲ್ಲಿ, ಅಂಗಡಿಗೆ ಬಂದದ್ದು 1985ರಲ್ಲಿ. ಅಷ್ಟರಲ್ಲಿ ಶ್ವಾಸಕೋಶದ ತೊಂದರೆಯಿಂದ ಅವನು ಊದುವುದನ್ನೇ ಬಿಟ್ಟು ವರ್ಷಗಳಾಗಿದ್ದವು. 1986ರ ಮೇ 30ರಂದು ಫಿಲಡೆಲ್ಫಿಯಾದಲ್ಲಿ ನ್ಯುಮೋನಿಯಾದಿಂದ ಹೋದ. 55 ವರ್ಷ. ಚೇಂಬರ್ಸ್ 1969ರಲ್ಲಿ, 33ಕ್ಕೇ ಹೋಗಿದ್ದ. ಕೆಲಿ 1971ರಲ್ಲಿ, 39ಕ್ಕೆ. ಕೊನೆಗೆ ಉಳಿದವನು ಎಲ್ಲರಿಗಿಂತ ಹಿರಿಯನಾದ ಬ್ಲೇಕಿ, 1990ರವರೆಗೆ.

ಆಲ್ಬಮ್ಮಿನ ಕೊನೆಯ ಹಾಡು ಬಾಕಿ ಉಳಿಯಿತು. 'ಇಫ್ ಐ ಶುಡ್ ಲೂಸ್ ಯು'. ರಾಲ್ಫ್ ರೇಂಜರ್ ಮತ್ತು ಲಿಯೊ ರಾಬಿನ್ 1936ರಲ್ಲಿ ಸಿನಿಮಾಕ್ಕೆ ಬರೆದದ್ದು. ನಿನ್ನನ್ನು ಕಳೆದುಕೊಂಡರೆ ನಕ್ಷತ್ರಗಳೇ ಉದುರಿಬೀಳುತ್ತವೆ ಅನ್ನುವ ಜಾತಿಯ ಹಾಡು. ಎಲ್ಲರೂ ನಿಧಾನವಾಗಿ ಕಣ್ಣು ಮುಚ್ಚಿ ನುಡಿಸುತ್ತಾರೆ. ಇವರು ಕಾಲಲ್ಲಿ ತಾಳ ಹಾಕುವಷ್ಟು ವೇಗದಲ್ಲಿ, ಐದೇ ನಿಮಿಷದಲ್ಲಿ ಮುಗಿಸುತ್ತಾರೆ. ಸದ್ಯಕ್ಕೆ ನಾನು ಹಿಡಿಯುತ್ತಿರುವುದು ಇದನ್ನೇ. ಮೊದಲ ಸುತ್ತು ಕೈಗೆ ಬಂದಿದೆ, ಎರಡನೆಯದರಲ್ಲಿ ಅವನು ಒಂದು ಕಡೆ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಅನ್ನುವುದೇ ಸಿಗುತ್ತಿಲ್ಲ.

ಕೇಳಲು ಹೊರಟವರಿಗೆ ಒಂದು ಕ್ರಮ ಹೇಳುತ್ತೇನೆ. ಮೊದಲು 'ಎ ಬ್ಲೋಯಿಂಗ್ ಸೆಷನ್'ನ ಮೊದಲ ಹಾಡು, ಒಂದೇ ಸಾಕು. ಆಮೇಲೆ 'ಸೋಲ್ ಸ್ಟೇಷನ್' ಪೂರ್ತಿ. ಅದಾದ ಮೇಲೆ 'ರೋಲ್ ಕಾಲ್'. ಅದು 1960ರ ನವೆಂಬರ್ 13ರಂದು ರೆಕಾರ್ಡ್ ಆದದ್ದು. ಅದರಲ್ಲೂ ಇದೇ ಕೆಲಿ, ಇದೇ ಚೇಂಬರ್ಸ್, ಇದೇ ಬ್ಲೇಕಿ. ಆದರೆ ಮೊಬ್ಲಿ ಪಕ್ಕದಲ್ಲಿ ಫ್ರೆಡಿ ಹಬ್ಬರ್ಡ್‌ನ ಟ್ರಂಪೆಟ್ ಇದೆ. ಹಬ್ಬರ್ಡ್‌ಗೆ ಆಗ 22, ಬೆಂಕಿ ಉಗುಳುವ ವಯಸ್ಸು. ಬ್ಲೇಕಿ ಕೂಡ ಹುಡುಗನನ್ನು ನೋಡಿ ಕೈ ಬಿಚ್ಚಿದ್ದಾನೆ. ಒಳ್ಳೆಯ ರೆಕಾರ್ಡ್, ಕೆಲವರಿಗೆ ಇದಕ್ಕಿಂತ ಅದೇ ಇಷ್ಟ. ಆದರೆ ಅದನ್ನು ಮೊದಲು ಕೇಳಬೇಡಿ. ಟ್ರಂಪೆಟ್‌ನ ಜೋರಿಗೆ ಕಿವಿ ಹೊಂದಿಕೊಂಡುಬಿಟ್ಟರೆ 'ಡಿಗ್ ಡಿಸ್'ನಲ್ಲಿ ಮೊಬ್ಲಿ ನಾಲಿಗೆ ತಾಗಿಸದೆ ಬಿಟ್ಟ ಸ್ವರಗಳು ಕೇಳಿಸುವುದೇ ಇಲ್ಲ.